ಮ್ಯಾಸಿ ಶಾ: ಥೇಮ್ಸ್ ನದಿಯ ಒಂದು ಅಗ್ನಿಶಾಮಕ ದೋಣಿಯ ಕಾಯಕ

ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ಬಸವಣ್ಣನವರ ಪ್ರತಿಮೆಯನ್ನು ನೋಡದ ಕನ್ನಡ ಕುಟುಂಬ ಈ ಊರಿನಲ್ಲಿ ವಿರಳ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದಂದಿನಿಂದ ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು, ಬಂಧುಗಳನ್ನು ನಾವು ಅಲ್ಲಿಗೆ ಕರೆದೊಯ್ಯುತ್ತೇವೆ. ಪ್ರತಿಮೆಯ ಮುಂದೆ ಫೋಟೋ ತೆಗೆದು, ಎದುರು ದಡದ ಪಾರ್ಲಿಮೆಂಟ್ ಭವನವನ್ನು ತೋರಿಸಿ, ಹಿಂತಿರುಗುತ್ತೇವೆ. ಅದೇ ದಂಡೆಯಲ್ಲಿ, ಲ್ಯಾಂಬೆತ್ ಸೇತುವೆಯ ಬಳಿ ನೀರಿನ ಮೇಲೆ ತೇಲುವ ಒಂದು ಕಟ್ಟೆ ಇದೆ. ಅದು ಲಂಡನ್ ಅಗ್ನಿಶಾಮಕ ದಳದ ನದಿ ಠಾಣೆ. ಇಡೀ ನಗರದಲ್ಲಿ ನೀರಿನ ಮೇಲಿರುವ ಫೈರ್ ಸ್ಟೇಷನ್ ಅದೊಂದೇ. ಬಹುಮಂದಿ ಅದನ್ನು ಪ್ರವಾಸಿಗರ ದೋಣಿ ನಿಲ್ದಾಣವೆಂದುಕೊಂಡು ಮುಂದೆ ಹೋಗುತ್ತಾರೆ.

ನಾನು ವೃತ್ತಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರ್. ದುಡಿದ ವರ್ಷಗಳಲ್ಲಿ ಹೆಚ್ಚಿನವನ್ನು ಪಂಪು, ಕೊಳವೆ, ಕವಾಟಗಳ ನಡುವೆ ಕಳೆದವನು. ಹಾಗಾಗಿ ಈ ನದಿ ಠಾಣೆಯ ಪೂರ್ವಜರ ಕಥೆ ನನ್ನನ್ನು ಸೆಳೆಯಿತು. ಆ ಪೂರ್ವಜರಲ್ಲಿ ಎಲ್ಲರಿಗಿಂತ ಹೆಸರಾದದ್ದು ‘ಮ್ಯಾಸಿ ಶಾ’ ಎಂಬ ದೋಣಿ. 1935ರಲ್ಲಿ ಹುಟ್ಟಿ, 1971ರವರೆಗೆ ದುಡಿದು, ಇಂದಿಗೂ ಉಳಿದುಕೊಂಡಿರುವ ಈ ದೋಣಿ ಹೇಗೆ ಕೆಲಸ ಮಾಡುತ್ತಿತ್ತು, ಏನೇನು ಕಂಡಿತು, ಅದನ್ನು ಉಳಿಸಿಕೊಳ್ಳುವುದು ಏಕೆ ಮುಖ್ಯ ಎಂಬುದನ್ನು ನಮ್ಮ ಸದಸ್ಯರಿಗೂ ಅವರ ಮಕ್ಕಳಿಗೂ ತಿಳಿಯುವಂತೆ ಬರೆಯುವುದು ಈ ಲೇಖನದ ಉದ್ದೇಶ.

ನದಿಗೇಕೆ ಫೈರ್ ಇಂಜಿನ್?

ನೀರಿನ ಮೇಲೆ ಬೆಂಕಿ ನಂದಿಸುವ ವಾಹನ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಹಳೆಯ ಲಂಡನ್ನಿನ ನಕ್ಷೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ ಜಗತ್ತಿನ ಅತಿ ದೊಡ್ಡ ಬಂದರುಗಳಲ್ಲಿ ಒಂದು. ಟವರ್ ಸೇತುವೆಯ ಎರಡೂ ಬದಿ, ವಾಪಿಂಗ್, ಬರ್ಮಂಡ್ಸಿ, ರೋದರ್‌ಹೈತ್ ಉದ್ದಕ್ಕೂ ನದಿಯ ಅಂಚಿಗೇ ಅಂಟಿಕೊಂಡಂತೆ ಐದಾರು ಮಹಡಿಯ ಗೋದಾಮುಗಳು. ಅವುಗಳಲ್ಲಿ ಚಹಾ, ಸಕ್ಕರೆ, ಹತ್ತಿ, ಸೆಣಬು, ಮೆಣಸು, ರಬ್ಬರ್, ಮರ, ಕೊಬ್ಬು, ಮದ್ಯ. ಬಹುಪಾಲು ನಮ್ಮ ಕಡೆಯಿಂದಲೋ ಬೇರೆ ವಸಾಹತುಗಳಿಂದಲೋ ಬಂದ ಸರಕು. ನೆಲದ ಕಡೆಯಿಂದ ಈ ಕಟ್ಟಡಗಳಿಗೆ ಹೋಗಲು ಇದ್ದದ್ದು ಗಾಡಿಯೊಂದು ಹೋಗುವಷ್ಟು ಅಗಲದ ಓಣಿಗಳು. ನದಿಯ ಕಡೆಯ ಗೋಡೆಗೆ ಬೆಂಕಿ ಬಿದ್ದರೆ ಅಲ್ಲಿಗೆ ತಲುಪುವ ದಾರಿ ನೀರೊಂದೇ.

ಇದರ ಪಾಠ ಕಲಿಸಿದ್ದು 1861ರ ಜೂನ್ 22ರಂದು ಹೊತ್ತಿಕೊಂಡ ಟೂಲಿ ಸ್ಟ್ರೀಟ್ ಬೆಂಕಿ. ಲಂಡನ್ ಸೇತುವೆಯ ಸಮೀಪದ ಕಾಟನ್ಸ್ ವಾರ್ಫ್‌ನಲ್ಲಿ ಶುರುವಾದ ಬೆಂಕಿ ಗೋದಾಮಿನಿಂದ ಗೋದಾಮಿಗೆ ಹಬ್ಬಿತು. ಕರಗಿದ ಕೊಬ್ಬು ನದಿಗೆ ಹರಿದು ನೀರಿನ ಮೇಲೇ ಉರಿಯಿತು. ಅಗ್ನಿಶಾಮಕ ಸಂಸ್ಥೆಯ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಕುಸಿದ ಗೋಡೆಯಡಿ ಸಿಕ್ಕಿ ಪ್ರಾಣ ಬಿಟ್ಟರು. ಬೆಂಕಿ ಪೂರ್ತಿ ಆರಲು ಎರಡು ವಾರ ಹಿಡಿಯಿತು. ಅಲ್ಲಿಯವರೆಗೆ ಲಂಡನ್ನಿನಲ್ಲಿ ಬೆಂಕಿ ನಂದಿಸುವ ಕೆಲಸ ನಡೆಯುತ್ತಿದ್ದದ್ದು ವಿಮಾ ಕಂಪನಿಗಳ ಖರ್ಚಿನಲ್ಲಿ. ಈ ನಷ್ಟದ ನಂತರ ಈ ಹೊರೆ ನಮ್ಮಿಂದಾಗದು ಎಂದು ಅವು ಸರ್ಕಾರಕ್ಕೆ ತಿಳಿಸಿದವು. 1865ರಲ್ಲಿ ಕಾಯ್ದೆಯಾಗಿ, 1866ರಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ಮೆಟ್ರೋಪಾಲಿಟನ್ ಫೈರ್ ಬ್ರಿಗೇಡ್ ಬಂತು. ಇಂದಿನ ಲಂಡನ್ ಫೈರ್ ಬ್ರಿಗೇಡ್ ಅದರ ಮುಂದುವರಿಕೆ. ಆ ಹೆಸರು ಬಂದದ್ದು 1904ರಲ್ಲಿ.

ಹೆಸರಿನ ಹಿಂದಿನ ಮನುಷ್ಯ

ಬ್ರೇಡ್‌ವುಡ್ ಅವರ ಜಾಗಕ್ಕೆ ಬಂದವರು ಐರ್ಲೆಂಡಿನ ಏರ್ ಮ್ಯಾಸಿ ಶಾ. ಹಿಂದೆ ಸೈನ್ಯದಲ್ಲಿದ್ದು, ಬೆಲ್‌ಫಾಸ್ಟ್‌ನಲ್ಲಿ ದಳ ನಡೆಸಿ ಬಂದವರು. 1861ರಿಂದ 1891ರವರೆಗೆ, ಮೂವತ್ತು ವರ್ಷ, ಲಂಡನ್ನಿನ ಅಗ್ನಿಶಾಮಕ ದಳವನ್ನು ಕಟ್ಟಿದರು. ಹಬೆಯ ಪಂಪುಗಳು, ಠಾಣೆಗಳ ನಡುವೆ ತಂತಿ ಸಂಪರ್ಕ, ಪ್ಯಾರಿಸ್ಸಿನಲ್ಲಿ ಕಂಡು ತಂದ ಹೊಳೆಯುವ ಹಿತ್ತಾಳೆಯ ಶಿರಸ್ತ್ರಾಣ, ಕಟ್ಟುನಿಟ್ಟಿನ ತರಬೇತಿ ಎಲ್ಲವೂ ಅವರ ಕಾಲದವು. ಊರಿಗೆಲ್ಲ ಅವರ ಹೆಸರು ಎಷ್ಟು ಪರಿಚಿತವಾಗಿತ್ತೆಂದರೆ, 1882ರಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ ‘ಐಯೊಲಾಂತೆ’ ಗೀತನಾಟಕದ ಒಂದು ಹಾಡಿನಲ್ಲಿ ಪಾತ್ರವೊಂದು ಕ್ಯಾಪ್ಟನ್ ಶಾ ಅವರನ್ನೇ ಕೂಗಿ ಕರೆಯುತ್ತದೆ. ಅವರು ನಿವೃತ್ತರಾಗಿ ನಾಲ್ಕು ದಶಕ ಕಳೆದ ಮೇಲೆ ಕಟ್ಟಿದ ಹೊಸ ದೋಣಿಗೆ ದಳ ಅವರ ಹೆಸರನ್ನೇ ಇಟ್ಟಿತು.

ಸೇತುವೆಯಡಿ ನುಸುಳಬೇಕು, ಕೆಸರಿನ ಮೇಲೂ ತೇಲಬೇಕು

ಮ್ಯಾಸಿ ಶಾ ಕಟ್ಟಿದ್ದು ವೈಟ್ ದ್ವೀಪದ ಕೌಸ್ ಊರಿನ ಜೆ. ಸ್ಯಾಮ್ಯುಯೆಲ್ ವೈಟ್ ಹಡಗುಕಟ್ಟೆಯಲ್ಲಿ. ನೌಕಾಪಡೆಗೆ ಯುದ್ಧನೌಕೆಗಳನ್ನು ಕಟ್ಟುತ್ತಿದ್ದ ಹೆಸರಾಂತ ಕಂಪನಿ ಅದು. ಆಗಿನ ಖರ್ಚು ಸುಮಾರು 18,000 ಪೌಂಡ್. ಉದ್ದ 78 ಅಡಿ, ಅಗಲ ಹದಿಮೂರೂವರೆ ಅಡಿ. ಉಕ್ಕಿನ ಒಡಲು, ಎರಡು ಡೀಸೆಲ್ ಇಂಜಿನ್, ಎರಡು ಪ್ರೊಪೆಲ್ಲರ್.

ಚಿತ್ರದಲ್ಲಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಗಿಡ್ಡತನ. ನೀರಿಗೆ ಮೈಚಾಚಿ ಮಲಗಿದಂತಿದೆ. ಅದಕ್ಕೆ ಕಾರಣ ಸಮುದ್ರದ ಉಬ್ಬರವಿಳಿತ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಅಳಿವೆಯ ಭರತ–ಇಳಿತ ಗೊತ್ತು. ಆದರೆ ನಮ್ಮ ಕರಾವಳಿಯಲ್ಲಿ ಅದು ಒಂದೆರಡು ಮೀಟರಿನ ಮಾತು. ಲಂಡನ್ ಸೇತುವೆಯ ಬಳಿ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಥೇಮ್ಸ್ ಸುಮಾರು ಏಳು ಮೀಟರ್ ಏರಿಳಿಯುತ್ತದೆ. ಎರಡು ಮಹಡಿಯ ಮನೆಯ ಎತ್ತರ! ಭರತದಲ್ಲಿ ಸೇತುವೆಯ ಕಮಾನಿಗೂ ನೀರಿಗೂ ನಡುವೆ ಜಾಗ ಕಡಿಮೆ. ಇಳಿತದಲ್ಲಿ ದಡದ ಹತ್ತಿರ ನೀರೇ ಇಲ್ಲ, ಕೆಸರು ಮಾತ್ರ. ಬೆಂಕಿ ಹೊತ್ತು ನೋಡಿ ಬರುವುದಿಲ್ಲ. ಆದ್ದರಿಂದ ದೋಣಿ ಯಾವ ಹೊತ್ತಿನಲ್ಲಾದರೂ ಎಲ್ಲ ಸೇತುವೆಗಳ ಅಡಿಯಲ್ಲಿ ದಾಟಬೇಕು. ಜೊತೆಗೆ ಆಳ ಕಡಿಮೆ ಇದ್ದಾಗಲೂ ದಡಕ್ಕೆ ಹತ್ತಿರವಾಗಬೇಕು. ಮೇಲೂ ಗಿಡ್ಡ, ಕೆಳಗೂ ಗಿಡ್ಡ. ನೀರಿನೊಳಗೆ ಮುಳುಗುವ ಭಾಗ ನಾಲ್ಕು ಅಡಿಗಿಂತ ಕಡಿಮೆ. ಈ ಗುಣವೇ ಐದು ವರ್ಷಗಳ ನಂತರ ನೂರಾರು ಜನರ ಪ್ರಾಣ ಉಳಿಸಲಿದೆ ಎಂದು ವಿನ್ಯಾಸ ಮಾಡಿದವರು ಎಣಿಸಿರಲಾರರು.

ಪಂಪಿನ ಕೆಲಸ

ದೋಣಿಯ ಜೀವಾಳ ಗ್ರೀನಿಚ್‌ನ ಮೆರಿವೆದರ್ ಕಂಪನಿಯ ಎರಡು ಸೆಂಟ್ರಿಫ್ಯೂಗಲ್ ಪಂಪುಗಳು. ಹೆಸರು ದೊಡ್ಡದು, ತತ್ವ ನಮ್ಮ ಅಡುಗೆಮನೆಯದು. ಕಡಗೋಲಿನಿಂದ ಮಜ್ಜಿಗೆ ಕಡೆಯುವಾಗ ಮಜ್ಜಿಗೆ ನಡುವಿನಿಂದ ಸರಿದು ಗಡಿಗೆಯ ಅಂಚಿಗೆ ಏರುತ್ತದಲ್ಲ, ಅದೇ. ಪಂಪಿನೊಳಗಿನ ಚಕ್ರ ವೇಗವಾಗಿ ತಿರುಗಿ ನೀರನ್ನು ಅಂಚಿಗೆ ಎಸೆಯುತ್ತದೆ; ಅಂಚಿನ ಗೋಡೆ ಆ ನೀರನ್ನು ಹಿಡಿದು ಕೊಳವೆಗೆ ತಿರುಗಿಸುತ್ತದೆ; ನಡುವೆ ಖಾಲಿಯಾದ ಜಾಗಕ್ಕೆ ಹೊಸ ನೀರು ನುಗ್ಗುತ್ತದೆ. ಒಂದು ಚಕ್ರ ಕೊಡುವ ಒತ್ತಡ ಸಾಲದಿದ್ದರೆ ಅದರ ನೀರನ್ನು ಎರಡನೆಯ ಚಕ್ರಕ್ಕೆ, ಅಲ್ಲಿಂದ ಮೂರನೆಯದಕ್ಕೆ ಕೊಡಬಹುದು. ಊರಲ್ಲಿ ಬೋರ್‌ವೆಲ್ ಹಾಕಿಸಿದವರಿಗೆ ಇದು ಹೊಸದಲ್ಲ. ಅಂಗಡಿಯವನು ‘ಇಷ್ಟು ಸ್ಟೇಜಿನ ಮೋಟರ್’ ಎನ್ನುವುದು ಈ ಚಕ್ರಗಳ ಲೆಕ್ಕವನ್ನೇ. ಮ್ಯಾಸಿ ಶಾ ದೋಣಿಯ ಪಂಪುಗಳೂ ಹೀಗೆ ಹಲವು ಹಂತದವು.

ಎರಡೂ ಪಂಪುಗಳು ಸೇರಿ ನಿಮಿಷಕ್ಕೆ 3,000 ಗ್ಯಾಲನ್ ನೀರು ಚೆಲ್ಲುತ್ತಿದ್ದವು. ಲೀಟರಿನಲ್ಲಿ ಹೇಳಿದರೆ ಸುಮಾರು 13,600. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬೇಸಗೆಯಲ್ಲಿ ಬರುವ 6,000 ಲೀಟರಿನ ಟ್ಯಾಂಕರ್ ಇದರ ಮುಂದೆ 26 ಸೆಕೆಂಡಿನಲ್ಲಿ ಖಾಲಿ. ಈ ನೀರು ಎರಡು ದಾರಿಯಲ್ಲಿ ಹೊರಬರುತ್ತಿತ್ತು. ಒಂದು, ಮೇಲ್ದಟ್ಟದಲ್ಲಿ ಫಿರಂಗಿಯಂತೆ ನಿಲ್ಲಿಸಿದ ‘ಮಾನಿಟರ್’ ಎಂಬ ದೊಡ್ಡ ನಳಿಗೆ. ಇನ್ನೊಂದು, ಬದಿಗಳಲ್ಲಿ ಹೋಸ್ ಪೈಪು ಜೋಡಿಸುವ ಬಾಯಿಗಳು.

ಎರಡನೆಯದು ಕಣ್ಣಿಗೆ ಅಷ್ಟು ಬೀಳುವುದಿಲ್ಲ. ಆದರೆ ಇಂಜಿನಿಯರನಾಗಿ ಹೇಳುವುದಾದರೆ ಹೆಚ್ಚು ಮಹತ್ವದ್ದು ಅದೇ. ಯಾವ ಪಂಪೂ ನೀರನ್ನು ‘ಎಳೆಯುವುದಿಲ್ಲ’. ಅದು ಕೊಳವೆಯೊಳಗೆ ಗಾಳಿಯ ಒತ್ತಡ ಕಡಿಮೆ ಮಾಡುತ್ತದೆ, ಹೊರಗಿನ ವಾತಾವರಣ ನೀರನ್ನು ಮೇಲಕ್ಕೆ ತಳ್ಳುತ್ತದೆ. ವಾತಾವರಣಕ್ಕೆ ತಳ್ಳಲು ಸಾಧ್ಯವಿರುವುದು ಲೆಕ್ಕದಲ್ಲಿ ಹತ್ತು ಮೀಟರಿಗೆ ತುಸು ಹೆಚ್ಚು. ನಿಜ ಕೆಲಸದಲ್ಲಿ ಏಳೆಂಟು ಮೀಟರ್. ತೆರೆದ ಬಾವಿಯ ನೀರು ಬೇಸಗೆಯಲ್ಲಿ ಕೆಳಗಿಳಿದಾಗ ಪಂಪ್‌ಸೆಟ್ಟನ್ನೂ ಬಾವಿಯೊಳಗೆ ಇಳಿಸುತ್ತಿದ್ದುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತೀರಿ. ಥೇಮ್ಸ್ ದಂಡೆಯ ಗೋಡೆಯ ಮೇಲೆ ನಿಂತ ಫೈರ್ ಇಂಜಿನ್ನಿನ ಪಾಡೂ ಅದೇ. ಇಳಿತದಲ್ಲಿ ನೀರು ಅದರ ಕೈಗೆ ಸಿಗದಷ್ಟು ಕೆಳಗೆ ಹೋಗುತ್ತದೆ. ದೋಣಿಯ ಪಂಪಾದರೋ ನೀರಿನ ಮಟ್ಟದಲ್ಲೇ ಇರುತ್ತದೆ, ನೀರಿನೊಂದಿಗೇ ಏರಿಳಿಯುತ್ತದೆ. ಅದು ಎಳೆಯಬೇಕಾಗಿಲ್ಲ, ತಳ್ಳಿದರೆ ಸಾಕು. ತಳ್ಳುವುದಕ್ಕೆ ವಾತಾವರಣದ ಮಿತಿ ಇಲ್ಲ. ಆದ್ದರಿಂದ ಅಗ್ನಿಶಾಮಕ ದೋಣಿ ಬೆಂಕಿಯ ಮೇಲೆ ನೀರೆರಚುವ ಯಂತ್ರ ಮಾತ್ರವಲ್ಲ; ನದಿಯನ್ನೇ ನಗರದ ಬೀದಿಗೆ ಏರಿಸಿ, ಅಲ್ಲಿ ಕಾದು ನಿಂತ ಫೈರ್ ಇಂಜಿನ್ನುಗಳಿಗೆ ಕುಡಿಸುವ ತೇಲುವ ಜಲಾಗಾರ.

ರಬ್ಬರ್ ಗೋದಾಮಿನ ಬೆಂಕಿ

ಕೆಲಸಕ್ಕೆ ಸೇರಿದ ವರ್ಷವೇ ಮ್ಯಾಸಿ ಶಾ ದೊಡ್ಡ ಪರೀಕ್ಷೆ ಎದುರಿಸಿತು. 1935ರಲ್ಲಿ ವಾಪಿಂಗ್‌ನ ಕಲೋನಿಯಲ್ ವಾರ್ಫ್ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ರಬ್ಬರ್. ರಬ್ಬರ್ ಸುಡುವಾಗ ಏಳುವ ಕಪ್ಪು ಹೊಗೆ ಉಸಿರು ಕಟ್ಟಿಸುತ್ತದೆ. ಕರಗಿ ಹರಿದ ರಬ್ಬರ್ ಕೆಳ ಮಹಡಿಗೂ ಬೆಂಕಿ ಹೊತ್ತೊಯ್ಯುತ್ತದೆ. ಬೀದಿಯ ಕಡೆಯಿಂದ ದಳದವರಿಗೆ ಒಳಹೋಗಲಾಗದಿದ್ದಾಗ ನದಿಯ ಕಡೆಯಿಂದ ಮಾನಿಟರಿನ ಭಾರೀ ಧಾರೆ ಬೆಂಕಿಯನ್ನು ತಡೆದು ನಿಲ್ಲಿಸಿತು.

ದೊಡ್ಡ ಬೆಂಕಿಯಲ್ಲಿ ಉರಿಯುತ್ತಿರುವ ಕಟ್ಟಡವನ್ನು ಉಳಿಸುವುದು ಬಹಳ ಸಲ ಆಗದ ಮಾತು. ಪಕ್ಕದ ಕಟ್ಟಡಕ್ಕೆ ಹಬ್ಬದಂತೆ ನಡುವೆ ನೀರಿನ ಗೋಡೆ ಕಟ್ಟುವುದೇ ಜಾಣತನ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಮದುವೆಯ ಸಂಭ್ರಮದ ನಡುವೆ ಸುಟ್ಟುಹೋದ ಕಥೆ ನಮಗೆಲ್ಲ ಗೊತ್ತು. ಮರ ಒಮ್ಮೆ ಪೂರ್ತಿ ಹೊತ್ತಿಕೊಂಡರೆ ಎಷ್ಟು ಕೊಡ ನೀರು ಹೊಯ್ದರೂ ಸಾಲದು. ಬೇಕಾದದ್ದು ಹೊತ್ತಿಗೆ ಸರಿಯಾಗಿ, ಒಂದೇ ಕಡೆಗೆ, ಬಲವಾಗಿ ಬೀಳುವ ನೀರು.

ಸಮುದ್ರ ಕಾಣದ ದೋಣಿ ಡಂಕರ್ಕ್‌ಗೆ

ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಡಂಕರ್ಕ್ ಬಗ್ಗೆ ಓದುತ್ತಾರೆ. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಫ್ರಾನ್ಸಿಗೆ ನುಗ್ಗಿದಾಗ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಡಂಕರ್ಕ್ ಕಡಲತೀರದಲ್ಲಿ ಸಿಕ್ಕಿಬಿದ್ದರು. ಮೇ 26ರಿಂದ ಜೂನ್ 4ರವರೆಗೆ 3,38,226 ಮಂದಿಯನ್ನು ಹಡಗು, ದೋಣಿಗಳಲ್ಲಿ ಇಂಗ್ಲೆಂಡಿಗೆ ಕರೆತರಲಾಯಿತು. ಅವರ ನಡುವೆ ಭಾರತೀಯರೂ ಇದ್ದರು. ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸಲು ಭಾರತದಿಂದ ಹೋಗಿದ್ದ ಸೇನಾ ತುಕಡಿಗಳವರು. ಶಾಲೆಯ ಪಾಠದಲ್ಲಿ ಈ ಮಾತು ಬರುವುದು ಅಪರೂಪ. ಮನೆಯಲ್ಲಿ ನಾವಾದರೂ ಹೇಳಬೇಕು.

ಮ್ಯಾಸಿ ಶಾ ದೋಣಿಯನ್ನು ಮೊದಲು ಕೇಳಿದ್ದು ಡಂಕರ್ಕ್ ಬಳಿ ಹೊತ್ತಿ ಉರಿಯುತ್ತಿದ್ದ ಹಡಗುಗಳ ಬೆಂಕಿ ಆರಿಸಲು. ಹೊರಟವರು ಅಗ್ನಿಶಾಮಕ ದಳದ ಸ್ವಯಂಸೇವಕರು. ನದಿಯ ದೋಣಿಯಲ್ಲಿ ದಿಕ್ಸೂಚಿ ಇರಲಿಲ್ಲ. ಸೇತುವೆಗಳ ನಡುವೆ ಓಡಾಡುವವರಿಗೆ ಅದೇಕೆ? ಹೊರಡುವ ಗಡಿಬಿಡಿಯಲ್ಲಿ ಒಂದನ್ನು ಕೊಂಡು ತಂದರು. ಆದರೆ ಉಕ್ಕಿನ ದೋಣಿಯಲ್ಲಿಟ್ಟ ದಿಕ್ಸೂಚಿ ಸುತ್ತಲಿನ ಕಬ್ಬಿಣಕ್ಕೆ ಸೆಳೆಯಲ್ಪಟ್ಟು ತಪ್ಪು ದಿಕ್ಕು ತೋರಿಸುತ್ತದೆ. ದೋಣಿಯನ್ನು ಒಂದೊಂದೇ ದಿಕ್ಕಿಗೆ ತಿರುಗಿಸಿ, ತಪ್ಪು ಎಷ್ಟೆಂದು ಅಳೆದು ಸರಿಪಡಿಸಬೇಕು. ಅದಕ್ಕೆ ಸಮಯವಿರಲಿಲ್ಲ. ದಾರಿಯಲ್ಲೇ ದೋಣಿಗೆ ಬೂದು ಬಣ್ಣ ಬಳಿದರು. ಸುಟ್ಟ ತೈಲ ಟ್ಯಾಂಕುಗಳಿಂದ ಆಕಾಶಕ್ಕೆ ಏರಿದ್ದ ಕರಿ ಹೊಗೆ ಡಂಕರ್ಕ್ ಎಲ್ಲಿದೆಯೆಂದು ದೂರದಿಂದಲೇ ತೋರಿಸುತ್ತಿತ್ತು.

ಅಲ್ಲಿ ತಲುಪುವ ಹೊತ್ತಿಗೆ ಕೆಲಸ ಬದಲಾಗಿತ್ತು. ಬೆಂಕಿಗಿಂತ ದೊಡ್ಡ ಸಮಸ್ಯೆ ಮರಳದಂಡೆ. ದೊಡ್ಡ ಹಡಗುಗಳು ಆಳವಿಲ್ಲದ ದಡಕ್ಕೆ ಬರಲಾರವು. ಸೈನಿಕರು ಎದೆಮಟ್ಟದ ನೀರಿನಲ್ಲಿ ಸಾಲುಗಟ್ಟಿ ನಿಂತಿದ್ದಾರೆ. ಥೇಮ್ಸ್‌ನ ಕೆಸರಿಗಾಗಿ ಮಾಡಿದ ಗಿಡ್ಡ ಒಡಲು ಇಲ್ಲಿ ವರವಾಯಿತು. ದಡದ ಹತ್ತಿರ ಹೋಗಿ ಜನರನ್ನು ಹತ್ತಿಸಿಕೊಂಡು, ಹೊರಗೆ ಲಂಗರು ಹಾಕಿದ ಹಡಗುಗಳಿಗೆ ಸಾಗಿಸಿ, ಕೊನೆಗೆ ತನ್ನ ತುಂಬ ಸೈನಿಕರನ್ನು ಹೊತ್ತು ರ‍್ಯಾಮ್ಸ್‌ಗೇಟ್ ಬಂದರಿಗೆ ಮರಳುವುದು. ಬಾಂಬ್ ದಾಳಿಯ ನಡುವೆ ಇಂಥ ಮೂರು ಪ್ರಯಾಣ. ಒಟ್ಟು ಐನೂರಕ್ಕೂ ಹೆಚ್ಚು ಮಂದಿ ಈ ದೋಣಿಯಿಂದ ಪಾರಾದರು.

ಲಂಡನ್ನಿಗೆ ಹಿಂತಿರುಗುವಾಗಲೂ ಕೆಲಸ ಮುಗಿದಿರಲಿಲ್ಲ. ಜೂನ್ 4ರಂದು ಕೆಂಟ್ ಕರಾವಳಿಯ ಹತ್ತಿರ ‘ಎಮಿಲ್ ದೆಶಾಂ’ ಎಂಬ ಫ್ರೆಂಚ್ ಹಡಗು ನೌಕಾಸ್ಫೋಟಕಕ್ಕೆ ತಾಗಿ ಕಣ್ಣೆದುರೇ ಮುಳುಗಿತು. ಗಾಯಗೊಂಡು ತೇಲುತ್ತಿದ್ದ ಸುಮಾರು 40 ಮಂದಿಯನ್ನು ಮ್ಯಾಸಿ ಶಾ ಎತ್ತಿಕೊಂಡಿತು. ದೋಣಿಯ ಸಬ್ ಆಫೀಸರ್ ಎ. ಜೆ. ಮೇ ಅವರಿಗೆ ನೌಕಾಪಡೆಯ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಮೆಡಲ್ ದೊರೆಯಿತು. ಬೆಂಕಿ ಆರಿಸುವವರೊಬ್ಬರಿಗೆ ನೌಕಾಪಡೆಯ ಪದಕ!

ಮೆಣಸಿಗೆ ಬೆಂಕಿ ಬಿದ್ದಾಗ

ಮೂರು ತಿಂಗಳ ನಂತರ ಯುದ್ಧವೇ ಲಂಡನ್ನಿಗೆ ಬಂತು. 1940ರ ಸೆಪ್ಟೆಂಬರ್ 7ರ ಸಂಜೆ ಜರ್ಮನ್ ವಿಮಾನಗಳು ಬಂದರು ಪ್ರದೇಶದ ಮೇಲೆ ಬಾಂಬ್ ಸುರಿದವು. ಅಂದಿನಿಂದ 57 ರಾತ್ರಿ ಎಡೆಬಿಡದೆ ದಾಳಿ. ಸರ‍್ರೆ ಕಮರ್ಷಿಯಲ್ ಡಾಕ್ಸ್‌ನಲ್ಲಿ ರಾಶಿ ಹಾಕಿದ್ದ ಮರದ ದಿಮ್ಮಿಗಳು ಮೈಲಿಗಟ್ಟಲೆ ಉರಿದವು. ಹಗ್ಗ ಸುಟ್ಟುಹೋದ ಸರಕು ದೋಣಿಗಳು ಉರಿಯುತ್ತಲೇ ಹೊಳೆಯಲ್ಲಿ ತೇಲಿದವು.

ಗೋದಾಮಿನ ಒಂದೊಂದು ಸರಕೂ ಒಂದೊಂದು ಬಗೆಯಲ್ಲಿ ಉರಿಯಿತು. ರಮ್ ಪೀಪಾಯಿಗಳು ಸಿಡಿದವು. ಕರಗಿದ ಸಕ್ಕರೆ ನೀರಿನ ಮೇಲೆ ಹರಡಿ ಉರಿಯಿತು. ಮೆಣಸಿನ ಗೋದಾಮಿನ ಹತ್ತಿರ ಹೋದವರಿಗೆ ಗಾಳಿಯೇ ಬೆಂಕಿಯಂತೆ ಮೂಗು, ಕಣ್ಣು, ಗಂಟಲು ಸುಟ್ಟಿತು. ಅಡುಗೆಮನೆಯಲ್ಲಿ ಒಗ್ಗರಣೆಯ ಮೆಣಸಿನಕಾಯಿ ತುಸು ಸೀದರೆ ಮನೆಮಂದಿಯೆಲ್ಲ ಕೆಮ್ಮುತ್ತೇವೆ. ಇಲ್ಲಿ ಒಂದು ಗೋದಾಮು ತುಂಬ ಮೆಣಸು. ಸಾವಿರಾರು ಮೈಲಿ ದೂರದ ತೋಟಗಳಲ್ಲಿ ಯಾರೋ ಬಿಡಿಸಿ ಒಣಗಿಸಿದ್ದು ಥೇಮ್ಸ್ ದಡದಲ್ಲಿ ಹೊಗೆಯಾಗಿ ಹೋಯಿತು. ಈ ನದಿಯ ಇತಿಹಾಸ ನಮಗೆ ಸಂಬಂಧಿಸಿದ್ದಲ್ಲ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಡಿಸೆಂಬರ್ 29ರ ರಾತ್ರಿ ಇನ್ನೂ ಭೀಕರ. ಸೇಂಟ್ ಪಾಲ್ಸ್ ಚರ್ಚಿನ ಸುತ್ತಲಿನ ಹಳೆಯ ನಗರದ ಮೇಲೆ ಬೆಂಕಿಬಾಂಬುಗಳು ಬಿದ್ದವು. ಪುಸ್ತಕ ವ್ಯಾಪಾರದ ಕೇಂದ್ರವಾಗಿದ್ದ ಪೇಟರ್‌ನಾಸ್ಟರ್ ರೋ ಬೀದಿಯಲ್ಲಿ ಲಕ್ಷಾಂತರ ಪುಸ್ತಕಗಳು ಬೂದಿಯಾದವು. ಬಾಂಬ್ ಬಿದ್ದು ನೆಲದಡಿಯ ನೀರಿನ ಕೊಳವೆಗಳು ಒಡೆದವು. ಆಗ ಉಳಿದ ಆಸರೆ ನದಿ. ಆದರೆ ಅಂದು ಥೇಮ್ಸ್ ಅಪರೂಪಕ್ಕೆ ಕಾಣುವಷ್ಟು ಕೆಳಗೆ ಇಳಿದಿತ್ತು. ದಂಡೆಯ ಮೇಲಿನ ಪಂಪುಗಳಿಗೂ ನೀರಿಗೂ ನಡುವೆ ಆಳವಾದ ಕಂದಕ, ಅಗಲವಾದ ಕೆಸರು. ನಾನು ಮೇಲೆ ವಿವರಿಸಿದ ಏಳೆಂಟು ಮೀಟರಿನ ಲೆಕ್ಕ ಆ ರಾತ್ರಿ ಪ್ರಾಣದ ಪ್ರಶ್ನೆಯಾಯಿತು. ದೋಣಿಗಳು ನಡುನೀರಿನಲ್ಲಿ ನಿಂತು, ದಳದವರು ಕೆಸರಿನಲ್ಲಿ ಹೋಸ್ ಎಳೆದು ದಡಕ್ಕೆ ಮುಟ್ಟಿಸಬೇಕಾಯಿತು. ನದಿ ಪಕ್ಕದಲ್ಲೇ ಹರಿಯುತ್ತಿದ್ದರೂ ನಗರ ನೀರಿಲ್ಲದೆ ಉರಿಯಿತು.

ಯುದ್ಧಕಾಲದಲ್ಲಿ ಲಂಡನ್ನಿನಲ್ಲಿ 327 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಸೇಂಟ್ ಪಾಲ್ಸ್ ಎದುರು, ಮಿಲೇನಿಯಂ ಸೇತುವೆಯಿಂದ ಬರುವ ದಾರಿಯಲ್ಲಿ, ಮೂವರು ಅಗ್ನಿಶಾಮಕರ ಕಂಚಿನ ಸ್ಮಾರಕವಿದೆ. ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಅಲ್ಲಿ ಒಂದು ಕ್ಷಣ ನಿಲ್ಲಿ.

ಮುಂಬಯಿಯ ನೆನಪು: ನೀರಿದ್ದರೆ ಸಾಲದು

ಈ ಕಥೆಗೆ ನಮ್ಮ ದೇಶದ ಒಂದು ಜೋಡಿ ಇದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೈನ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟಿದ್ದ ಆ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ, ಜೊತೆಗೆ ಹತ್ತಿಯ ಮೂಟೆಗಳು. ದಡದ ಪಂಪುಗಳೂ ಅಗ್ನಿಶಾಮಕ ದೋಣಿಗಳೂ ಸೇರಿ 900 ಟನ್‌ಗೂ ಹೆಚ್ಚು ನೀರು ಸುರಿದವು. ಮ್ಯಾಸಿ ಶಾ ಒಂದೇ ಈ ನೀರನ್ನು ಒಂದು ಗಂಟೆ ಚಿಲ್ಲರೆಯಲ್ಲಿ ಸುರಿಯಬಲ್ಲದು. ಅಂದರೆ ಕೊರತೆ ಇದ್ದದ್ದು ನೀರಿಗಲ್ಲ. ಹತ್ತಿಯ ರಾಶಿಯೊಳಗೆ ಬೆಂಕಿ ಎಲ್ಲಿ ಅಡಗಿದೆ ಎಂಬುದೇ ತಿಳಿಯಲಿಲ್ಲ. ಎರಡು ಸ್ಫೋಟಗಳಲ್ಲಿ ಬಂದರು ಛಿದ್ರವಾಯಿತು. ಸತ್ತವರಲ್ಲಿ 66 ಮಂದಿ ಅಗ್ನಿಶಾಮಕರು. ಅವರ ನೆನಪಿಗಾಗಿ ಏಪ್ರಿಲ್ 14ರಿಂದ ಒಂದು ವಾರ ಕರ್ನಾಟಕವೂ ಸೇರಿದಂತೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ.

ಹಡಗಿನ ಬೆಂಕಿಯಲ್ಲಿ ಇನ್ನೊಂದು ಅಪಾಯವೂ ಇದೆ. ಸುರಿದ ನೀರಿಗೆ ತೂಕವಿದೆ. ನಿಮಿಷಕ್ಕೆ 13 ಟನ್‌ಗೂ ಹೆಚ್ಚು. ಅದು ಮೇಲಿನ ಮಹಡಿಗಳಲ್ಲಿ ನಿಂತರೆ ಹಡಗು ತೋಲ ತಪ್ಪುತ್ತದೆ. 1942ರಲ್ಲಿ ನ್ಯೂಯಾರ್ಕಿನಲ್ಲಿ ‘ನಾರ್ಮಂಡಿ’ ಎಂಬ ಭಾರೀ ಹಡಗಿಗೆ ಬೆಂಕಿ ಬಿದ್ದಾಗ, ಆರಿಸಲು ಸುರಿದ ನೀರಿನ ಭಾರಕ್ಕೇ ಅದು ಕಟ್ಟೆಯ ಬಳಿ ಮಗುಚಿಕೊಂಡಿತು. ನೀರು ಎಷ್ಟು ಕೊಡಬೇಕೆಂಬುದರಷ್ಟೇ ಯಾವಾಗ ನಿಲ್ಲಿಸಬೇಕೆಂಬುದೂ ಈ ಕೆಲಸದ ವಿದ್ಯೆ.

ನಿವೃತ್ತಿ, ಮತ್ತೆ ಜೀವ

ಯುದ್ಧದ ನಂತರವೂ ಮ್ಯಾಸಿ ಶಾ ಎರಡು ದಶಕಕ್ಕೂ ಹೆಚ್ಚು ದುಡಿಯಿತು. ಅದನ್ನು ನಿವೃತ್ತಿಗೆ ತಳ್ಳಿದ್ದು ವಯಸ್ಸು ಮಾತ್ರವಲ್ಲ. ಕಂಟೇನರ್ ಹಡಗುಗಳ ಕಾಲ ಬಂದು ವ್ಯಾಪಾರ ಕೆಳಗಿನ ಟಿಲ್ಬರಿಗೆ ಸರಿಯಿತು. 1967ರಲ್ಲಿ ಈಸ್ಟ್ ಇಂಡಿಯಾ ಡಾಕ್, 1968ರಲ್ಲಿ ಸೇಂಟ್ ಕ್ಯಾಥರಿನ್ ಡಾಕ್, ಹೀಗೆ ಒಂದೊಂದೇ ಬಾಗಿಲು ಹಾಕಿದವು. ಗೋದಾಮುಗಳಿಲ್ಲದ ಮೇಲೆ ಗೋದಾಮಿನ ಬೆಂಕಿ ಎಲ್ಲಿ? 1971ರಲ್ಲಿ ದೋಣಿಯನ್ನು ಸೇವೆಯಿಂದ ತೆಗೆದರು.

ದುಡಿಯದ ದೋಣಿ ಬೇಗ ಸಾಯುತ್ತದೆ. ಉಪ್ಪು ಬೆರೆತ ನೀರು ಉಕ್ಕನ್ನು ತಿನ್ನುತ್ತದೆ, ತಿರುಗದ ಇಂಜಿನ್ ಕಚ್ಚಿಕೊಳ್ಳುತ್ತದೆ. 1980ರ ದಶಕದಲ್ಲಿ ಕೆಲವು ಉತ್ಸಾಹಿಗಳು ಸಂಘ ಕಟ್ಟಿ ಇದನ್ನು ಉಳಿಸಲು ಮುಂದಾದರು. ವರ್ಷಗಟ್ಟಲೆ ಸಂಬಳವಿಲ್ಲದ ದುಡಿಮೆ. ಮುಂದೆ ರಾಷ್ಟ್ರೀಯ ಲಾಟರಿಯ ಪರಂಪರೆ ನಿಧಿಯ ನೆರವು ದೊರೆತು, ಗ್ಲಾಸ್ಟರ್‌ನ ಹಡಗುಕಟ್ಟೆಯಲ್ಲಿ ಅದರ ಒಡಲನ್ನು ಸಮಗ್ರವಾಗಿ ದುರಸ್ತಿ ಮಾಡಲಾಯಿತು. ಬಳಿಕ ಲಂಡನ್ನಿಗೆ ಮರಳಿ ಕೆನರಿ ವಾರ್ಫ್ ಬಳಿಯ ವೆಸ್ಟ್ ಇಂಡಿಯಾ ಡಾಕ್‌ನಲ್ಲಿ ನೆಲೆಸಿತು. ಬ್ರಿಟನ್ನಿನ ಐತಿಹಾಸಿಕ ನೌಕೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ.

ಇಂಥ ದೋಣಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ನನ್ನ ಅನುಭವದಲ್ಲಿ ಸಾಲದು. ಯಂತ್ರದ ಜ್ಞಾನ ಅರ್ಧ ಲೋಹದಲ್ಲಿರುತ್ತದೆ, ಅರ್ಧ ಅದನ್ನು ನಡೆಸುವವರ ಕೈಯಲ್ಲಿ, ಕಿವಿಯಲ್ಲಿ ಇರುತ್ತದೆ. ಪಂಪು ಗಾಳಿ ಹೀರುತ್ತಿದೆಯೇ, ಜರಡಿಗೆ ಕೆಸರು ಕಟ್ಟಿದೆಯೇ ಎಂಬುದು ಮೀಟರಿಗಿಂತ ಮೊದಲು ಸದ್ದಿನಲ್ಲಿ ಗೊತ್ತಾಗುತ್ತದೆ. ಈ ಕಿವಿಯನ್ನು ಪುಸ್ತಕ ಕೊಡಲಾರದು. ಹಿರಿಯರು ಕಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೊಡಬೇಕು. ದುಡಿಯುವ ಹಳೆಯ ದೋಣಿಗಳಿಗೆ ನಿಜವಾದ ಅಪಾಯ ತುಕ್ಕಲ್ಲ, ಕಲಿಯುವವರಿಲ್ಲದಿರುವುದು. ಭಾಷೆಯ ವಿಷಯದಲ್ಲಿ ಪರದೇಶದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಪಾಟಿನಲ್ಲಿರುವ ಕನ್ನಡ ಪುಸ್ತಕ ಮಕ್ಕಳು ಓದಿದರೆ ಮಾತ್ರ ಉಳಿಯುತ್ತದೆ.

ಇಂದಿನ ನದಿ ಠಾಣೆ

ಲ್ಯಾಂಬೆತ್ ನದಿ ಠಾಣೆಯ ಈಗಿನ ಎರಡು ದೋಣಿಗಳ ಹೆಸರು ‘ಎರಿಂಗ್ಟನ್’ ಮತ್ತು ‘ಟ್ಯಾನರ್’. ಹ್ಯಾರಿ ಎರಿಂಗ್ಟನ್ ಸೋಹೋದ ಒಬ್ಬ ದರ್ಜಿ. ಯುದ್ಧಕಾಲದಲ್ಲಿ ಸಹಾಯಕ ಅಗ್ನಿಶಾಮಕರಾಗಿ, ಕುಸಿದು ಉರಿಯುತ್ತಿದ್ದ ಕಟ್ಟಡದೊಳಗಿಂದ ಇಬ್ಬರು ಸಹೋದ್ಯೋಗಿಗಳನ್ನು ಹೊರತಂದು ಜಾರ್ಜ್ ಕ್ರಾಸ್ ಪಡೆದವರು. ಗಿಲಿಯನ್ ಟ್ಯಾನರ್ ಬಾಂಬ್ ಬೀಳುತ್ತಿದ್ದ ರಾತ್ರಿ ಬರ್ಮಂಡ್ಸಿಯ ಬೀದಿಗಳಲ್ಲಿ ಪೆಟ್ರೋಲ್ ತುಂಬಿದ ಲಾರಿ ಓಡಿಸಿ, ಪಂಪುಗಳಿಗೆ ಇಂಧನ ಮುಟ್ಟಿಸಿದ ಯುವತಿ. ಜಾರ್ಜ್ ಮೆಡಲ್ ಪಡೆದವರು. ಒಮ್ಮೆ ಮುಖ್ಯಸ್ಥರ ಹೆಸರು ಹೊತ್ತ ದೋಣಿ ಇದ್ದ ನದಿಯಲ್ಲಿ ಇಂದು ದರ್ಜಿಯ ಹೆಸರೂ ಲಾರಿ ಓಡಿಸಿದವಳ ಹೆಸರೂ ಓಡಾಡುತ್ತಿವೆ. ಕಾಯಕಕ್ಕೆ ಮೇಲು ಕೀಳಿಲ್ಲವೆಂದ ಪರಂಪರೆಯಿಂದ ಬಂದ ನಮಗೆ ಇದು ಹಿಡಿಸುವ ಸಂಗತಿ.

ಕೆಲಸವೂ ಬದಲಾಗಿದೆ. ಬೆಂಕಿಗಿಂತ ನೀರಿಗೆ ಬಿದ್ದವರನ್ನು ಎತ್ತುವ ಕರೆಗಳೇ ಮುಖ್ಯ. 1989ರ ಆಗಸ್ಟ್‌ನಲ್ಲಿ ‘ಮಾರ್ಷನೆಸ್’ ಎಂಬ ವಿಹಾರ ದೋಣಿ ಮುಳುಗಿ 51 ಮಂದಿ ಸತ್ತ ನಂತರ ಥೇಮ್ಸ್‌ನಲ್ಲಿ ರಕ್ಷಣಾ ವ್ಯವಸ್ಥೆ ಬಲಗೊಂಡಿತು; 2002ರಿಂದ ಆರ್‌ಎನ್‌ಎಲ್‌ಐ ಸಂಸ್ಥೆಯ ಜೀವರಕ್ಷಕ ದೋಣಿಗಳೂ ನದಿಯಲ್ಲಿವೆ. ಹಬ್ಬ, ಜಯಂತಿಗಳೆಂದು ಮಕ್ಕಳೊಂದಿಗೆ ದಂಡೆಗೆ ಹೋಗುವ ನಾವು ಒಂದು ಮಾತು ನೆನಪಿಡಬೇಕು: ಏಳು ಮೀಟರ್ ಏರಿಳಿಯುವ ನದಿಯ ಸೆಳೆತ ಜೋರು, ನೀರು ತಣ್ಣಗೆ. ಯಾರಾದರೂ ಬಿದ್ದರೆ ಹಿಂದೆ ಹಾರಬೇಡಿ. 999ಕ್ಕೆ ಕರೆಮಾಡಿ, ದಂಡೆಯಲ್ಲಿ ತೂಗುಹಾಕಿರುವ ತೇಲುವ ಬಳೆಯನ್ನು ಎಸೆಯಿರಿ, ಅವರ ಮೇಲಿಂದ ಕಣ್ಣು ತೆಗೆಯಬೇಡಿ.

ಬೇಸಗೆ ರಜೆಯಲ್ಲಿ ಮಕ್ಕಳಿಗೆ ಒಂದು ದಿನದ ಪಾಠವಾಗಿ ಇದನ್ನು ಮಾಡಬಹುದು. ಬೆಳಿಗ್ಗೆ ಲ್ಯಾಂಬೆತ್ ನದಿ ಠಾಣೆಯ ಹತ್ತಿರ ನೀರು ಗೋಡೆಯ ಯಾವ ಕಲ್ಲಿನವರೆಗೆ ಇದೆ ಎಂದು ಗುರುತು ಹಾಕಿಕೊಳ್ಳಲಿ. ಅಲ್ಲಿಂದ ಸೇಂಟ್ ಪಾಲ್ಸ್ ಬಳಿಯ ಸ್ಮಾರಕ, ವಾಪಿಂಗ್‌ನ ಹಳೆಯ ಗೋದಾಮುಗಳ ಓಣಿ, ಕೊನೆಗೆ ಡಾಕ್‌ಲ್ಯಾಂಡ್ಸ್. ಆರು ಗಂಟೆಗಳ ನಂತರ ಇನ್ನೊಂದು ಕಡೆ ನದಿಯ ಗೋಡೆಯನ್ನು ನೋಡಿ, ಹಸಿರು ಪಾಚಿ ಎಲ್ಲಿಯವರೆಗೆ ಒದ್ದೆಯಿದೆ, ನೀರು ಎಲ್ಲಿದೆ ಎಂದು ಅಳೆಯಲಿ. 1940ರ ಡಿಸೆಂಬರಿನ ಆ ರಾತ್ರಿ ಅಷ್ಟು ಎತ್ತರ ನೀರನ್ನು ಏರಿಸಲು ಏನು ಬೇಕಿತ್ತು ಎಂದು ಅವರೇ ಲೆಕ್ಕ ಹಾಕಲಿ. ನಾವು ಹೇಳಿಕೊಡುವ ಅಗತ್ಯವೇ ಬರುವುದಿಲ್ಲ.